ಹನ್ನೆರಡು ಮೆಗಾಪಿಕ್ಸೆಲ್ಲಿನ ಎದೆಬಡಿತ

ಮದುವೆ ಫೋಟೋ ತೆಗೆಯುವವನ ಬದುಕಿನಲ್ಲಿ ಮಾನ ಹೋಗುವ ಸಂದರ್ಭಗಳಿಗೆ ಯಾವತ್ತೂ ಕೊರತೆಯಿಲ್ಲ. ಒಂದು ಮುಗಿಯಿತು ಎಂದು ಬೆವರು ಒರೆಸಿಕೊಳ್ಳುವಷ್ಟರಲ್ಲಿ ಇನ್ನೊಂದು ಬಂದು ಬಾಗಿಲಲ್ಲಿ ನಿಂತಿರುತ್ತದೆ.

ನನ್ನದು ಪಾಂಡವಪುರದಲ್ಲೊಂದು ಸಣ್ಣ ಸ್ಟುಡಿಯೋ. ನಮ್ಮದು ಅಜ್ಜ ಮುತ್ತಜ್ಜನ ಕಾಲದಿಂದ ಚಿನ್ನದ ಕೆಲಸದ ಮನೆ. ನಾನೊಬ್ಬ ಚಿನ್ನ ಬಿಟ್ಟು ಕ್ಯಾಮೆರಾ ಹಿಡಿದೆ. ಜನ ಮಾತ್ರ ಈಗಲೂ ‘ಆಚಾರ್ರೇ’ ಎಂದೇ ಕರೆಯುತ್ತಾರೆ. ಹುಟ್ಟಾ ಪುಕ್ಕಲ ನಾನು. ಮದುವೆಗೆ ಹೊರಡುವ ಮುನ್ನ ಬ್ಯಾಟರಿ ಚಾರ್ಜ್ ಆಗಿದೆಯೇ ಎಂದು ಮೂರು ಸಲ ನೋಡುತ್ತೇನೆ. ಬಸ್‌ಸ್ಟ್ಯಾಂಡಿನವರೆಗೆ ಹೋದ ಮೇಲೆ, ಮೆಮೊರಿ ಕಾರ್ಡು ಹಾಕಿದೆನೋ ಇಲ್ಲವೋ ಎಂದು ನಡುರಸ್ತೆಯಲ್ಲಿ ಬ್ಯಾಗು ಬಿಚ್ಚುತ್ತೇನೆ. ಇಂಥವನಿಗೆ ಒಂದು ಮದುವೆ ಕೊಟ್ಟ ಸಂಕಟವನ್ನು ಆದದ್ದು ಆದ ಹಾಗೆ ಹೇಳುತ್ತೇನೆ. ನೀವು ನಗಬಹುದು. ನಾನು ಆಗ ನಗಲಿಲ್ಲ.

೧. ನೂರಕ್ಕೆ ಆರು

ಈಗ ಯಾರೂ ‘ಫೋಟೋ ಚೆನ್ನಾಗಿ ತೆಗೀತೀರಾ’ ಎಂದು ಕೇಳುವುದಿಲ್ಲ. ಹಸು ಕೊಳ್ಳುವವರು ‘ಎಷ್ಟು ಲೀಟರು’ ಎಂದು ಕೇಳುವ ಹಾಗೆ ‘ಎಷ್ಟು ಮೆಗಾಪಿಕ್ಸೆಲ್ಲು’ ಎಂದು ಕೇಳುತ್ತಾರೆ. ಆ ಪ್ರಶ್ನೆ ಬಂತೆಂದರೆ ನನ್ನ ಎದೆ ಡವಗುಟ್ಟುತ್ತದೆ. ಯಾಕೆಂದರೆ ನನ್ನ ಕ್ಯಾಮೆರಾದ್ದು ಬರೀ ಹನ್ನೆರಡು.

ಒಂದು ದಿನ ನಾಗಮಂಗಲದ ನಿವೃತ್ತ ಹೆಡ್‌ಮಾಸ್ಟರೊಬ್ಬರು ಸ್ಟುಡಿಯೋಗೆ ಬಂದರು. ದೊಡ್ಡ ಮಗಳ ಮದುವೆ, ಮೇಲುಕೋಟೆಯಲ್ಲಿ. ಸರ್ವೀಸಿನಲ್ಲಿ ಅವರು ಸುತ್ತದ ಊರಿಲ್ಲ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ನಾಲ್ಕೂ ತಾಲ್ಲೂಕಿನಲ್ಲಿ ಅವರ ಕೈಲಿ ಕಿವಿ ಹಿಂಡಿಸಿಕೊಂಡವರಿದ್ದಾರೆ. ಅವರೆಲ್ಲ ಮದುವೆಗೆ ಬರುವವರೇ. ಫೋಟೋ ಚೆನ್ನಾಗಿ ಬಂದರೆ ನಾಲ್ಕು ತಾಲ್ಲೂಕಿಗೂ ನನ್ನ ಹೆಸರು ಗೊತ್ತಾಗುತ್ತದೆ. ಕೆಟ್ಟರೂ ಗೊತ್ತಾಗುತ್ತದೆ. ಆಮೇಲೆ ನನ್ನನ್ನು ಯಾರೂ ನಾಮಕರಣಕ್ಕೂ ಕರೆಯುವುದಿಲ್ಲ.

ಜೊತೆಗೆ ಅವರ ಭಾವಮೈದ ಬಂದಿದ್ದ. ಕೆ.ಆರ್. ಪೇಟೆಯಲ್ಲಿ ಗೊಬ್ಬರದಂಗಡಿ ಇಟ್ಟವನು. ಕೂತ ತಕ್ಷಣ ಜೇಬಿನಿಂದ ಫೋನು ತೆಗೆದು ಟೇಬಲ್ ಮೇಲೆ, ನನ್ನ ಕ್ಯಾಮೆರಾ ಪಕ್ಕದಲ್ಲೇ ಇಟ್ಟ.

“ನಿಮ್ಮದು ಎಷ್ಟು ಮೆಗಾಪಿಕ್ಸೆಲ್?” ಎಂದರು ಹೆಡ್‌ಮಾಸ್ಟರು.

“ಹನ್ನೆರಡು ಸಾರ್.”

“ನಂದು ಇನ್ನೂರು ಕಣ್ ಭಾವ,” ಎಂದ ಭಾವಮೈದ.

ನಾನು ಗಡಬಡಿಸಿದೆ. “ಸಾರ್, ಮೆಗಾಪಿಕ್ಸೆಲ್ ಅಂದ್ರೆ ಬರೀ ಚುಕ್ಕಿಗಳ ಲೆಕ್ಕ. ಒಂದು ಅಂದ್ರೆ ಹತ್ತು ಲಕ್ಷ ಚುಕ್ಕಿ. ಆ ಚುಕ್ಕಿಗಳು ಕೂತಿರೋ ಜಾಗ ಒಂದಿದೆ, ಬೆಳಕು ಬೀಳೋ ಜಾಗ, ಸೆನ್ಸರ್ ಅಂತ. ನಂದು ಬೆಂಕಿಪೊಟ್ಟಣಕ್ಕಿಂತ ಒಂಚೂರು ಚಿಕ್ಕದು. ಫೋನಿಂದು ಕಿರುಬೆರಳಿನ ಉಗುರಷ್ಟು. ಆದ್ದರಿಂದ...”

“ಕೇಳಿದ ಪ್ರಶ್ನೆಗೆ ಮಾತ್ರ ಉತ್ತರ,” ಎಂದರು ಹೆಡ್‌ಮಾಸ್ಟರು. ಜೇಬಿನಿಂದ ಪೆನ್ನು ತೆಗೆದು, ನನ್ನ ಬಿಲ್ ಪುಸ್ತಕದ ಹಿಂಬದಿಯಲ್ಲಿ ಭಾಗಾಕಾರ ಮಾಡಿದರು. “ಇನ್ನೂರಕ್ಕೆ ಹನ್ನೆರಡು. ಅಂದರೆ ನೂರಕ್ಕೆ ಆರು. ನನ್ನ ಸರ್ವೀಸಿನಲ್ಲಿ ಆರು ತಗೊಂಡೋನನ್ನ ನಾನು ಪಾಸು ಮಾಡಿದ್ದಿಲ್ಲ ಆಚಾರ್ರೇ. ಆದರೂ ನಿಮ್ಮ ಮುಖ ನೋಡಿ ಒಂದು ಸಪ್ಲಿಮೆಂಟರಿ ಕೊಡ್ತೀನಿ. ಭಾನುವಾರ ಗಂಜಾಂಗೆ ಬನ್ನಿ. ಹುಡುಗ ಹುಡುಗಿ ನಿಮಿಷಾಂಬನ ದರ್ಶನಕ್ಕೆ ಬರ್ತಾರೆ. ಅಲ್ಲೇ ಪರೀಕ್ಷೆ.”

ಎಸ್ಸೆಸ್ಸೆಲ್ಸಿಯನ್ನು ಒಂದೇ ಸಲಕ್ಕೆ ದಾಟಿದ್ದ ನಾನು, ನಲವತ್ತೆರಡನೇ ವಯಸ್ಸಿನಲ್ಲಿ ನನ್ನ ಅಂಗಡಿಯಲ್ಲೇ ಕೂತು ಫೇಲಾದೆ.

೨. ಅಪ್ಪನ ಗುಂಡು

ಮನೆಗೆ ಬಂದು ಪಡಸಾಲೆಯಲ್ಲಿ ಮಂಕಾಗಿ ಕೂತೆ. ಮೂಲೆಯಲ್ಲಿ ಅಪ್ಪ ಅಗ್ಗಿಷ್ಟಿಕೆಯ ಮುಂದೆ ಊದುಗೊಳವೆ ಬಾಯಿಗಿಟ್ಟುಕೊಂಡು, ಯಾರದೋ ತಾಳಿಸರಕ್ಕೆ ಚಿನ್ನದ ಗುಂಡು ಬೆಸೆಯುತ್ತಿದ್ದರು. ಕಣ್ಣು ಮಂಜಾಗಿದೆ, ಕೈ ಇನ್ನೂ ಮಂಜಾಗಿಲ್ಲ.

“ಯಾಕ್ಲಾ ಇಂಗ್ ಕುಂತಿದ್ದೀಯ?”

ಆದದ್ದನ್ನೆಲ್ಲ ಹೇಳಿದೆ. ಅಪ್ಪ ಊದುಗೊಳವೆ ಕೆಳಗಿಟ್ಟರು.

“ಅಂದ್ರೆ ಅವ್ರು ಗುಂಡು ಎಷ್ಟು ಅಂತ ಕೇಳ್ತಾವ್ರೆ, ತೂಕ ಕೇಳ್ತಿಲ್ಲ. ಅಷ್ಟೇ ತಾನೆ?”

“ಅಂಗಂದ್ರೆ?”

“ನೋಡ್ಲಾ. ಇಷ್ಟು ಚಿನ್ನ ಕೊಟ್ಟು ಹನ್ನೆರಡು ಗುಂಡು ಮಾಡು ಅಂದ್ರೆ ಒಂದೊಂದೂ ಕಡ್ಲೆಕಾಳು ಆಯ್ತದೆ. ಅದೇ ಚಿನ್ನದಲ್ಲಿ ಇನ್ನೂರು ಮಾಡು ಅಂದ್ರೆ? ಸಾಸ್ವೆಕಾಳು. ಎಣ್ಸಕ್ಕೆ ಇನ್ನೂರು, ಕೈಯಲ್ಲಿ ಇಡ್ಕಂಡ್ರೆ ಏನೂ ಇಲ್ಲ. ನಿನ್ ಮಿಶಿನ್ನಿಗೆ ಬೆಳಕೇ ಚಿನ್ನ. ನಿಂದು ಜಾಗ ದೊಡ್ಡದು, ಗುಂಡು ಕಮ್ಮಿ, ಒಂದೊಂದು ಗುಂಡಿಗೂ ಒಟ್ಟೆ ತುಂಬ ಬೆಳಕು ಸಿಕ್ತದೆ. ಫೋನಿಂದು ಜಾಗವೇ ಉಗುರಷ್ಟು. ಅದ್ರಲ್ಲಿ ಇನ್ನೂರು ತುರುಕುದ್ರೆ ಯಾವ ಗುಂಡಿಗೆ ಏನು ಸಿಕ್ಕಾತು?”

“ಬಿಸಿಲಲ್ಲಿ?”

“ಬಿಸಿಲಲ್ಲಿ ಚಿನ್ನ ಸುರೀತಾ ಇರ್ತದೆ. ಸಾಸ್ವೆಗೂ ಸಿಕ್ತದೆ, ಕಡ್ಲೆಗೂ ಸಿಕ್ತದೆ. ಕತ್ಲೆ ಆಗ್ಲಿ, ಆಗ ಗೊತ್ತಾಯ್ತದೆ ಯಾರ ಗುಂಡಲ್ಲಿ ಏನದೆ ಅಂತ.”

ಹದಿನೈದು ವರ್ಷ ಕ್ಯಾಮೆರಾ ಹಿಡಿದವನು ನಾನು. ಇದನ್ನು ನನಗೆ ಇಷ್ಟು ಚೆನ್ನಾಗಿ ಯಾರೂ ಹೇಳಿಕೊಟ್ಟಿರಲಿಲ್ಲ. ಅಪ್ಪನ ಕಾಲಿಗೆ ಬೀಳಬೇಕು ಎನಿಸಿತು. ಅಪ್ಪ ಮತ್ತೆ ಊದುಗೊಳವೆ ಎತ್ತಿಕೊಂಡರು, ಊದುವ ಮುಂಚೆ ಒಂದು ಕ್ಷಣ ಯೋಚಿಸಿದರು.

“ಎಲ್ಲಾ ಸರಿ ಕಣ್ಲಾ. ಆದ್ರೂ ನೀನೂ ಒಂದು ಇನ್ನೂರಿಂದೇ ತಗಂಡುಬುಟ್ಟಿದ್ರೆ ಈ ಪಾಡು ಇರ್ತಿತ್ತಾ?”

೩. ಕೊಕ್ಕರೆಯ ಕಣ್ಣು

ಭಾನುವಾರ ಗಂಜಾಂನಲ್ಲಿ ನೆತ್ತಿ ಸುಡುವ ಬಿಸಿಲು. ಆ ಬಿಸಿಲು ನೋಡಿಯೇ ನನ್ನ ಕೈ ತಣ್ಣಗಾಯಿತು. ನಿಮಿಷಾಂಬನ ದರ್ಶನ ಮುಗಿಸಿ ಹುಡುಗ ಹುಡುಗಿ ಹೊಳೆ ಮೆಟ್ಟಿಲ ಮೇಲೆ ನಿಂತರು. ಹೆಡ್‌ಮಾಸ್ಟರು ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದರು. ಸೀಮೆಸುಣ್ಣ ಮನೆಯಿಂದಲೇ ತಂದಿದ್ದರು.

“ಇಬ್ಬರೂ ಇದೇ ಗೆರೆ ಮೇಲೆ ನಿಂತು ಒಂದೊಂದು ತೆಗೀರಿ. ಕಾಪಿ ಹೊಡೆಯೋ ಹಾಗಿಲ್ಲ.”

ಭಾವಮೈದ ಫೋನಿನಲ್ಲಿ ತೆಗೆದ. ನಾನು ಕ್ಯಾಮೆರಾದಲ್ಲಿ ತೆಗೆದೆ. ಹೆಡ್‌ಮಾಸ್ಟರು ಕನ್ನಡಕ ಏರಿಸಿ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರು. ಹುಡುಗಿಯ ಮುಖ ಎರಡರಲ್ಲೂ ಚೆನ್ನಾಗಿತ್ತು. ಸೀರೆಯ ಅಂಚು ಎರಡರಲ್ಲೂ ಚೆನ್ನಾಗಿತ್ತು. ನನಗೆ ಉಸಿರು ಬಂತು. ಅಷ್ಟರಲ್ಲಿ ಭಾವಮೈದ ಫೋನಿನ ಮೇಲೆ ಎರಡು ಬೆರಳಿಟ್ಟು ಹಿಗ್ಗಿಸುತ್ತಾ ಹೋದ. ಹುಡುಗಿಯನ್ನು ದಾಟಿದ, ಹೊಳೆ ದಾಟಿದ, ನಡುವೆ ಒಂದು ಬಂಡೆ, ಬಂಡೆಯ ಮೇಲೊಂದು ಕೊಕ್ಕರೆ.

“ಭಾವ, ಕೊಕ್ಕರೆ ಕಣ್ಣು ನೋಡಿ ಭಾವ! ನಮ್ಮನ್ನೇ ನೋಡ್ತಾ ಅದೆ.”

“ಆಚಾರ್ರೇ, ನಿಮ್ಮ ಕೊಕ್ಕರೆ ತೋರಿಸಿ.”

ತೋರಿಸಿದೆ. ಹಿಗ್ಗಿಸಿದಂತೆಲ್ಲ ನನ್ನದು ಚೌಕ ಚೌಕವಾಗಿ ಒಡೆಯಿತು. ಬಂಡೆ ಮೇಲೆ ಬೆಳ್ಳಗೆ ಏನೋ ಇತ್ತು. ಕೊಕ್ಕರೆ ಅಂದರೆ ಕೊಕ್ಕರೆ, ಯಾರೋ ಒಗೆದು ಹಾಕಿದ ಪಂಚೆ ಅಂದರೆ ಪಂಚೆ. ಅಷ್ಟು ಬೆಳಕಿನಲ್ಲಿ, ಅಷ್ಟು ದೂರದ್ದನ್ನು ಹಿಗ್ಗಿಸಿ ನೋಡುವಾಗ ಚುಕ್ಕಿ ಹೆಚ್ಚಿದ್ದವನದೇ ಮೇಲುಗೈ. ಇದು ನನಗೆ ಗೊತ್ತಿದ್ದದ್ದೇ, ಒಪ್ಪಿಕೊಳ್ಳಬೇಕಾದದ್ದೇ.

ಹೆಡ್‌ಮಾಸ್ಟರು ಸೀಮೆಸುಣ್ಣವನ್ನು ಜೇಬಿಗೆ ಹಾಕಿಕೊಂಡರು. ಮೇಲುಕೋಟೆಯ ಆ ದಿನಕ್ಕೆ ಬೇರೆ ಯಾವ ಫೋಟೋದವರಿಗೂ ಬಿಡುವಿರಲಿಲ್ಲ ಎಂದು ನನಗೆ ಆಮೇಲೆ ತಿಳಿಯಿತು.

“ಮದುವೆಗೆ ಕೊಕ್ಕರೆ ಬರೋಲ್ಲ ಅನ್ನೋ ಒಂದೇ ಧೈರ್ಯದ ಮೇಲೆ ನಿಮಗೆ ಒಪ್ಪಿಸ್ತಾ ಇದ್ದೀನಿ ಆಚಾರ್ರೇ,” ಎಂದರು.

೪. ಪುರೋಹಿತರ ಆಪರೇಷನ್ನು

ಮೇಲುಕೋಟೆಯ ಆ ಛತ್ರ ಹಳೆಯ ಕಲ್ಲು ಕಟ್ಟಡ. ಹಗಲು ಹನ್ನೊಂದು ಗಂಟೆಗೂ ಒಳಗೆ ದೀಪ ಬೇಕು. ನನಗೆ ಇದ್ದ ಧೈರ್ಯ ಒಂದೇ, ಫ್ಲ್ಯಾಶು. ಬೆಳಿಗ್ಗೆಯಿಂದ ಫಳ್ ಫಳ್ ಎಂದು ಹೊಡೆಯುತ್ತಿದ್ದೆ.

ಹೆಡ್‌ಮಾಸ್ಟರು ಮಂಟಪದ ಪಕ್ಕ ಬಿಗಿಯಾಗಿ ನಿಂತಿದ್ದರು. ಮಗಳನ್ನು ಧಾರೆ ಎರೆದು ಕೊಡುವವರು ತಾಳಿ ಬೀಳುವವರೆಗೆ ಏನೂ ತಿನ್ನಬಾರದು. ಅವರು ಹಿಂದಿನ ದಿನದಿಂದಲೇ ಉಪವಾಸ. ಇದು ಛತ್ರದಲ್ಲಿ ಎಲ್ಲರಿಗೂ ಗೊತ್ತಿತ್ತು, ಯಾಕೆಂದರೆ ಅವರೇ ಎಲ್ಲರಿಗೂ ಹೇಳಿದ್ದರು. ಹುಡುಗನ ತಂದೆ ಶ್ರೀರಂಗಪಟ್ಟಣದ ಕಡೆಯ ರೈತರು, ಸಾಧು ಮನುಷ್ಯ. ಅವರು ಕಂಬದ ಮರೆಯಲ್ಲಿ ಕಾಫಿ ಕುಡಿಯುತ್ತಿದ್ದಾಗ ಹೆಡ್‌ಮಾಸ್ಟರು ಹಿಡಿದುಬಿಟ್ಟರು.

“ಬೀಗ್ರೇ, ನಿಯಮ ನಮಗೆ ಮಾತ್ರ ಇರಬಹುದು. ಆದರೂ ನಾನು ಹನಿ ನೀರು ಮುಟ್ಟದೆ ನಿಂತಿರೋವಾಗ ನೀವು ಹೀಗೆ ಎದುರಿಗೇ...? ಮನುಷ್ಯನಿಗೆ ನಾಲಿಗೆ ಮೇಲೆ ಶಿಸ್ತಿರಬೇಕು.”

“ಬಿಪಿ ಮಾತ್ರೆ ನುಂಗ್ಬೇಕಾಗಿತ್ತು ಕಣ್ ಬೀಗ್ರೇ,” ಎಂದು ಅವರು ಅರ್ಧ ಲೋಟ ಕಾಫಿಯನ್ನು ಹಾಗೇ ಕೆಳಗಿಟ್ಟರು.

ಮುಹೂರ್ತಕ್ಕೆ ಇನ್ನು ಸ್ವಲ್ಪ ಹೊತ್ತು. ನಾನು ಪುರೋಹಿತರ ಎದುರು ಕೂತು ಇನ್ನೊಂದು ಫ್ಲ್ಯಾಶು ಹೊಡೆದೆ. ಅವರು ಮಂತ್ರ ನಿಲ್ಲಿಸಿ ಕಣ್ಣು ಮುಚ್ಚಿಕೊಂಡರು.

“ಅಯ್ಯಾ ಫೋಟೋದವರೇ, ನನಗೆ ಕಣ್ಣಿನ ಪೊರೆ ತೆಗೆಸಿ ಇಪ್ಪತ್ತು ದಿನವಾಗಿದೆ. ನೀವು ಆ ಮಿಂಚು ಹೊಡೆದಾಗಲೆಲ್ಲ ಎಲ್ಲಿ ಬಿಟ್ಟೆ ಅನ್ನೋದೇ ತಿಳಿಯೋದಿಲ್ಲ. ಇನ್ನೊಂದು ಸಲ ಹೊಡೆದರೆ ನಾನು ಗಣಪತಿ ಪೂಜೆಯಿಂದ ಮತ್ತೆ ಶುರು ಮಾಡ್ತೇನೆ.”

“ಫ್ಲ್ಯಾಶ್ ಬ್ಯಾಡ ಆಚಾರ್ರೇ!” ಎಂದು ಹೆಡ್‌ಮಾಸ್ಟರು ಎಂಥಾ ದನಿಯಲ್ಲಿ ಕಿರುಚಿದರೆಂದರೆ, ಓಲಗದವರು ಗಟ್ಟಿಮೇಳವೆಂದು ತಿಳಿದು ಬಾರಿಸಿಬಿಟ್ಟರು.

೫. ನಾರಾಯಣನ ಕೈಗಳು

ಫ್ಲ್ಯಾಶು ಕಳಚಿ ಬ್ಯಾಗಿಗೆ ಹಾಕಿದೆ. ಹೋಗಲಿ, ಮೇಲೆ ಟ್ಯೂಬ್‌ಲೈಟುಗಳಿವೆ, ವಿಡಿಯೋದವನ ದೊಡ್ಡ ಲೈಟಿದೆ ಎಂದುಕೊಂಡೆ. ಹಾಗೆಂದುಕೊಂಡದ್ದೇ ತಪ್ಪಾಯಿತು. ಪುರೋಹಿತರು ತಾಳಿಯನ್ನು ಹುಡುಗನ ಕೈಗೆ ಕೊಡುವ ಹೊತ್ತಿಗೆ ಕರೆಂಟು ಹೋಯಿತು. ಟ್ಯೂಬ್‌ಲೈಟೂ ಹೋಯಿತು, ವಿಡಿಯೋದವನ ಲೈಟೂ ಹೋಯಿತು.

ಜನರೇಟರು ಹಾಕುವವನು ಬೀಗದಕೈ ಸಮೇತ ಎಲ್ಲಿಗೋ ಹೋಗಿದ್ದ. ಯಾರೋ ಫೋನಿನ ಟಾರ್ಚು ಬಿಟ್ಟರು. “ಕಣ್ಣು! ಕಣ್ಣು!” ಎಂದು ಪುರೋಹಿತರು ಕೂಗಿದರು. ಟಾರ್ಚು ಆರಿತು. ಉಳಿದದ್ದು ಹುಡುಗನ ಬೆನ್ನ ಹಿಂದೆ ಕಳಶಗಿತ್ತಿ ಹಿಡಿದುಕೊಂಡಿದ್ದ ಒಂದೇ ಒಂದು ಎಣ್ಣೆ ದೀಪ.

“ಮುಹೂರ್ತ ಮೀರುತ್ತೆ. ದೀಪದಲ್ಲೇ ಕಟ್ಟಪ್ಪ,” ಎಂದರು ಪುರೋಹಿತರು.

ನನ್ನ ಎದೆ ಬಾಯಿಗೆ ಬಂತು. ಒಬ್ಬಳ ಬದುಕಿನಲ್ಲಿ ಒಂದೇ ಸಲ ಬರುವ ಗಳಿಗೆ. ಅದರ ಫೋಟೋ ಇಲ್ಲ ಎಂದರೆ ಈ ಛತ್ರದಿಂದ ನಾನು ತಲೆಯೆತ್ತಿಕೊಂಡು ಹೊರಗೆ ಹೋಗುವ ಹಾಗಿಲ್ಲ. ಇದ್ದಷ್ಟು ಬೆಳಕನ್ನು ಹಿಗ್ಗಿಸಿಕೊಳ್ಳುವ ಅಂಕಿಯೊಂದು ಕ್ಯಾಮೆರಾದಲ್ಲಿರುತ್ತದೆ. ಅದನ್ನು ಅಲ್ಲಿಯವರೆಗೆ ಯಾವತ್ತೂ ಏರಿಸದಷ್ಟು ಏರಿಸಿದೆ. ಕಣ್ಣಿಗೆ ಸರಿಯಾಗಿ ಏನೂ ಕಾಣುತ್ತಿರಲಿಲ್ಲ. ದೀಪದ ಕಡೆ ಗುರಿಯಿಟ್ಟು, ಉಸಿರು ಬಿಗಿಹಿಡಿದು, ಏಳು ಫೋಟೋ ತೆಗೆದೆ. ಆ ಕಡೆಯಿಂದ ಭಾವಮೈದನೂ ತೆಗೆಯುತ್ತಿದ್ದ. ತಾಳಿ ಬಿತ್ತು, ಅಕ್ಷತೆ ಬಿತ್ತು, ಅದೆಲ್ಲ ಮುಗಿದ ಮೇಲೆ ಕರೆಂಟು ಬಂತು.

ಎಲ್ಲರೂ ಭಾವಮೈದನ ಫೋನಿಗೆ ಮುತ್ತಿದರು. ಕತ್ತಲೆಯಲ್ಲಿ ಆ ಫೋನು ಬೆಳಕು ಸಾಲದೆ ಮೂರು ನಾಲ್ಕು ಸೆಕೆಂಡು ಕಣ್ಣು ಬಿಟ್ಟುಕೊಂಡೇ ಕೂತಿತ್ತು. ಅಷ್ಟರಲ್ಲಿ ಹುಡುಗ ಒಂದು ಗಂಟಿನಿಂದ ಇನ್ನೊಂದು ಗಂಟಿಗೆ ಕೈಯಾಡಿಸಿದ್ದ. ಹುಡುಗಿಯ ಮುಖದ ಮೇಲೆ ಅಕ್ಕಿಹಿಟ್ಟು ಚೆಲ್ಲಿದಂತೆ ಚುಕ್ಕಿಗಳು. ಹುಡುಗನಿಗೆ ಸ್ಪಷ್ಟವಾಗಿ ನಾಲ್ಕು ಕೈಗಳು.

ಜನ ಒಮ್ಮೆ ಫೋನನ್ನು, ಒಮ್ಮೆ ಹುಡುಗನನ್ನು ನೋಡಿದರು. ಭಾವಮೈದನೇ ಸುಧಾರಿಸಿಕೊಂಡ.

“ಮೇಲುಕೋಟೆ ಕಣ್ ಭಾವ! ಸಾಕ್ಷಾತ್ ನಾರಾಯಣನೇ ಬಂದು ತಾಳಿ ಕಟ್ಟವ್ನೆ!”

ಹುಡುಗಿಯ ಅಜ್ಜಿ ಆ ಫೋನನ್ನು ಇಸಿದುಕೊಂಡು ಎರಡೂ ಕಣ್ಣಿಗೆ ಒತ್ತಿಕೊಂಡರು.

೬. ಏಳು ಫೋಟೋಗಳು

ಮಾರನೆಯ ದಿನ ಸ್ಟುಡಿಯೋ ಬಾಗಿಲು ಹಾಕಿಕೊಂಡು, ಕಂಪ್ಯೂಟರಿಗೆ ಕಾರ್ಡು ಚುಚ್ಚಿ, ಒಂದು ಕಣ್ಣು ಮುಚ್ಚಿಕೊಂಡು ನೋಡಿದೆ. ಆಮೇಲೆ ಎರಡೂ ಕಣ್ಣು ಬಿಟ್ಟೆ.

ಬಂದಿತ್ತು! ಒಂದು ಎಣ್ಣೆ ದೀಪದ ಬೆಳಕಿನಲ್ಲಿ ಹುಡುಗಿಯ ಮುಖ ಬಂಗಾರದ ಬಣ್ಣಕ್ಕೆ ತಿರುಗಿತ್ತು. ತಾಳಿ ದಾರದ ಅರಿಶಿನ ಕಾಣುತ್ತಿತ್ತು. ಕೆನ್ನೆ ಮೇಲೆ ನಿಂತಿದ್ದ ಒಂದು ಹನಿ ಕಣ್ಣೀರು ಕಾಣುತ್ತಿತ್ತು. ಹುಡುಗನಿಗೆ ಎರಡೇ ಕೈಗಳಿದ್ದವು. ನನ್ನ ಕಡಲೆಕಾಳುಗಳು ನನ್ನ ಮಾನ ಉಳಿಸಿದ್ದವು. ಕುರ್ಚಿಯಿಂದೆದ್ದು ಒಂದು ಸುತ್ತು ಕುಣಿದೆ ಎಂದು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ.

ಕುಣಿದು ಬಂದು ಕೂತ ಮೇಲೆ ಹುಡುಗಿಯ ಭುಜದ ಹಿಂದೆ ಕಣ್ಣು ಹೋಯಿತು. ಅಲ್ಲಿ ಹೆಡ್‌ಮಾಸ್ಟರು ನಿಂತಿದ್ದರು. ಅವರ ಪಕ್ಕದಲ್ಲಿ, ಬೀಗರಿಗೆ ಕೊಡಲೆಂದು ಜೋಡಿಸಿಟ್ಟಿದ್ದ ರವೆ ಉಂಡೆಯ ತಟ್ಟೆ.

ಮೊದಲನೇ ಫೋಟೋದಲ್ಲಿ ಅವರ ಕೈ ತಟ್ಟೆಯ ಮೇಲಿತ್ತು. ಎರಡನೆಯದರಲ್ಲಿ ಕೈಯಲ್ಲಿ ಉಂಡೆಯಿತ್ತು, ಕಣ್ಣು ಹೆಂಡತಿಯ ಕಡೆಗಿತ್ತು. ಮೂರನೆಯದರಲ್ಲಿ ಉಂಡೆ ಬಾಯಿಯ ಬಾಗಿಲಲ್ಲಿತ್ತು. ಹುಡುಗನ ಕೈಯಲ್ಲಿ ತಾಳಿಯ ಮೊದಲ ಗಂಟು ಇನ್ನೂ ಬಿದ್ದಿರಲಿಲ್ಲ! ನಾಲ್ಕು, ಐದರಲ್ಲಿ ಎರಡೂ ಕೆನ್ನೆ ಊದಿದ್ದವು. ಆರನೆಯದರಲ್ಲಿ ಮೀಸೆ ಒರೆಸಿಕೊಳ್ಳುತ್ತಿದ್ದರು. ಏಳನೆಯದರಲ್ಲಿ ಕೈಮುಗಿದು, ಭಕ್ತಿಯಿಂದ ಅಕ್ಷತೆ ಹಾಕುತ್ತಿದ್ದರು.

ತಾಳಿ ಕಟ್ಟಿದ್ದರ ಫೋಟೋ ಭೂಮಿಯ ಮೇಲೆ ಇರುವುದು ಈ ಏಳೇ. ಕೊಟ್ಟರೆ ಹೆಡ್‌ಮಾಸ್ಟರ ಮಾನ ಹೋಗುತ್ತದೆ. ಕೊಡದಿದ್ದರೆ ನನ್ನದು ಹೋಗುತ್ತದೆ. ಏಳನೆಯದನ್ನು ಮಾತ್ರ ಕೊಡೋಣವೆಂದರೆ ಅದರಲ್ಲಿ ಗಂಟು ಬಿದ್ದು ಮುಗಿದು, ಹುಡುಗನ ಬೆನ್ನು ಮಾತ್ರ ಕಾಣುತ್ತದೆ.

ಅವರನ್ನು ಕತ್ತರಿಸಿ ತೆಗೆಯೋಣವೆಂದು ಕೂತೆ. ಹುಡುಗಿಯ ಭುಜಕ್ಕೆ ಅಂಟಿಕೊಂಡು ನಿಂತ ಮನುಷ್ಯ. ಅವರನ್ನು ಬಿಟ್ಟು ಕತ್ತರಿಸಿದರೆ ಉಳಿಯುವುದು ತಾಳಿ, ಹುಡುಗನ ಬೆರಳು, ಹುಡುಗಿಯ ಅರ್ಧ ಕಿವಿ. ಅಷ್ಟನ್ನೇ ಆಲ್ಬಮ್ಮಿನ ಅಗಲಕ್ಕೆ ಹಿಗ್ಗಿಸಿದರೆ ಹನ್ನೆರಡರಲ್ಲಿ ಉಳಿದ ಒಂದೆರಡು ಮೆಗಾಪಿಕ್ಸೆಲ್ಲು ಗಂಜಾಂನ ಕೊಕ್ಕರೆಯಾಗುತ್ತಿತ್ತು. ಇನ್ನೂರು ಇದ್ದಿದ್ದರೆ ಧಾರಾಳವಾಗಿ ಕತ್ತರಿಸಬಹುದಿತ್ತು. ಬದುಕಿನಲ್ಲಿ ಮೊದಲ ಸಲ ನನ್ನ ಕೆಲಸಕ್ಕೇ ಚುಕ್ಕಿ ಸಾಲದು ಎನಿಸಿದ್ದು ಆಗಲೇ.

ಕೊನೆಗೆ ಕಂಪ್ಯೂಟರಿನಲ್ಲಿ ಬೇಡದ್ದನ್ನು ಅಳಿಸುವ ಉಪಾಯವಿದೆಯಲ್ಲ, ಅದಕ್ಕೆ ಕೈಹಾಕಿದೆ. ಉಂಡೆ ಒಂದನ್ನು ಮಾತ್ರ ನಾಜೂಕಾಗಿ ಅಳಿಸಿದೆ. ಉಂಡೆ ಹೋಯಿತು. ಬಾಯಿ ತೆರೆದ ಹಾಗೇ ಉಳಿಯಿತು. ಈಗ ಆ ಫೋಟೋದಲ್ಲಿ, ಮಗಳ ಕೊರಳಿಗೆ ತಾಳಿ ಬೀಳುತ್ತಿರುವುದನ್ನು ಕಂಡು ‘ಅಯ್ಯಯ್ಯೋ ನಿಲ್ಲಿಸ್ರೋ’ ಎಂದು ಕಿರುಚುತ್ತಿರುವ ತಂದೆ ಇದ್ದರು.

೭. ಬೀಗರ ತಟ್ಟೆ

ಅಪ್ಪನನ್ನು ಕೇಳಿದೆ. “ಇದ್ದುದ್ದ ಇದ್ದಂಗೆ ಕೊಡು. ಆದ್ರೆ ಮೊದ್ಲು ಅವ್ರೊಬ್ರಿಗೆ ತೋರ್ಸು,” ಎಂದರು. ಸರಿಯೆನಿಸಿತು. ಪೆನ್‌ಡ್ರೈವ್ ಜೇಬಿಗೆ ಹಾಕಿಕೊಂಡು ನಾಗಮಂಗಲದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಜೇಬು ಮುಟ್ಟಿ ಮುಟ್ಟಿ ನೋಡಿಕೊಂಡೆ.

ಹೆಡ್‌ಮಾಸ್ಟರ ಮನೆ ಬಾಗಿಲಲ್ಲಿ ರಾಶಿ ಚಪ್ಪಲಿ. ಅವತ್ತು ಬೀಗರ ಊಟ. ಹುಡುಗನ ತಂದೆ ತಾಯಿ, ಹೊಸ ಜೋಡಿ, ಭಾವಮೈದ ಎಲ್ಲರೂ ಟಿವಿ ಮುಂದೆ ಸಾಲಾಗಿ ಕೂತಿದ್ದರು. ನನಗೆ ಅಲ್ಲಿಂದಲೇ ಓಡಿಹೋಗೋಣವೆನಿಸಿತು.

“ಬನ್ನಿ ಬನ್ನಿ ಆಚಾರ್ರೇ! ತಾಳಿ ಕಟ್ಟಿದ್ದು ಬಂದಿದೆಯಾ?”

“ಬಂದಿದೆ ಸಾರ್. ಒಂದು ನಿಮಿಷ ನೀವೊಬ್ಬರೇ ಹಿತ್ತಿಲ ಕಡೆ ಬಂದ್ರೆ...”

“ಯಾಕೆ? ಕೆಟ್ಟಿದೆಯಾ?”

“ಇಲ್ಲ ಸಾರ್, ತುಂಬಾ ಚೆನ್ನಾಗಿ ಬಂದಿದೆ. ಅದೇ ತೊಂದ್ರೆ.”

“ಚೆನ್ನಾಗಿದ್ದರೆ ಮುಚ್ಚುಮರೆ ಯಾಕೆ? ಬೀಗರ ಮುಂದೆ ನನ್ನದು ತೆರೆದ ಪುಸ್ತಕ. ಹಾಕ್ರೀ.”

ನಾನು ಕಣ್ಣಲ್ಲಿ ಸನ್ನೆ ಮಾಡಿದೆ. ಕಣ್ಣಿಗೆ ಧೂಳು ಬಿತ್ತೇ ಎಂದು ಕೇಳಿದರು. ಕೆಮ್ಮಿದೆ. ನೀರು ತರಿಸಿದರು. ಅಷ್ಟರಲ್ಲಿ ಭಾವಮೈದ ನನ್ನ ಕೈಯಿಂದ ಪೆನ್‌ಡ್ರೈವ್ ಕಿತ್ತು ಟಿವಿಗೆ ಚುಚ್ಚಿಯೇಬಿಟ್ಟ. ನಾನು ರಿಮೋಟು ಹಿಡಿದು, ನೆಟ್ಟಗೆ ಮೂರನೆಯ ಫೋಟೋ ಬರದಿರಲಿ ತಾಯೀ ಎಂದು ನಿಮಿಷಾಂಬನನ್ನು ಬೇಡಿಕೊಂಡೆ. ಬಂದದ್ದು ಮೂರನೆಯದೇ.

ಆದರೆ ಫೋಟೋದಲ್ಲಿ ಹಿಂದೆ ನಿಂತವರನ್ನು ಯಾರೂ ನೋಡಲಿಲ್ಲ. ಎಲ್ಲರ ಕಣ್ಣೂ ಹುಡುಗಿಯ ಮುಖದ ಮೇಲಿತ್ತು. ಹೆಡ್‌ಮಾಸ್ಟರ ಹೆಂಡತಿ ಎದ್ದು ಬಂದು ಟಿವಿಯ ಮೇಲೆ ಆ ಕಣ್ಣೀರ ಹನಿಯನ್ನು ಬೆರಳಲ್ಲಿ ಮುಟ್ಟಿದರು. “ನನ್ ಕೂಸು ಅತ್ತಿದ್ದು ಆ ಕತ್ಲೇಲಿ ನಂಗೆ ಕಾಣ್ಲೇ ಇಲ್ಲ ಕಣವ್ವ,” ಎಂದು ಸೆರಗು ಬಾಯಿಗಿಟ್ಟುಕೊಂಡರು. ಮಗಳೂ ಅತ್ತಳು. ಈ ಕೆಲಸಕ್ಕೆ ಬಂದದ್ದು ಸಾರ್ಥಕ ಎಂದು ನನಗೆ ಅನಿಸಿದ ಗಳಿಗೆಗಳು ಕಡಿಮೆ. ಅದು ಅಂಥದ್ದೊಂದು.

“ಸರಿ ಹಾಗಾದರೆ. ಊಟಕ್ಕೆ ಏಳಿ ಎಲ್ಲರೂ,” ಎಂದು ನಾನೇ ಆ ಮನೆಯ ಯಜಮಾನನ ಹಾಗೆ ಹೇಳಿ ರಿಮೋಟು ಒತ್ತಲು ಹೋದೆ.

“ತಡೀರಿ ಆಚಾರ್ರೇ,” ಎಂದ ಭಾವಮೈದ. ಅವನಿಗೆ ಹೊಟ್ಟೆಯಲ್ಲಿ ಉರಿಯುತ್ತಿತ್ತು. “ದೀಪದ ಅತ್ರ ಇರೋದು ಯಾರ್ ಬೇಕಾದ್ರೂ ತೆಗೀತಾರೆ. ಹಿಂದ್ಗಡೆ ಕತ್ಲೇಲಿ ಏನಾರ ಕಾಣ್ತದಾ ನೋಡಣ. ಜೂಮ್ ಮಾಡಿ.”

“ಬೇಡ, ಒಡೆದುಹೋಗುತ್ತೆ.”

“ಒಡೀಲಿ ಬುಡಿ, ನೋಡಣ.” ರಿಮೋಟು ಕಿತ್ತುಕೊಂಡು ತಾನೇ ಹಿಗ್ಗಿಸಿದ.

ಒಡೆಯಲಿಲ್ಲ. ಟಿವಿ ತುಂಬ ಹೆಡ್‌ಮಾಸ್ಟರು, ಅವರ ಬಾಯಿ, ಬಾಯಿಯ ಬಾಗಿಲಲ್ಲಿ ರವೆ ಉಂಡೆ.

ಹೆಡ್‌ಮಾಸ್ಟರು ನಿಧಾನವಾಗಿ ಎದ್ದು, ಕನ್ನಡಕ ಹಾಕಿಕೊಂಡು, ಟಿವಿಯ ಹತ್ತಿರ ಹೋಗಿ ತಮ್ಮನ್ನು ತಾವೇ ನೋಡಿದರು. ನಾನು ಗೋಡೆಗೆ ಒರಗಿದೆ. ನನ್ನ ಕಥೆ ಮುಗಿಯಿತು ಎಂದುಕೊಂಡೆ.

ಮೊದಲು ಬಾಯಿ ಬಿಟ್ಟವರು ಹುಡುಗನ ತಂದೆ. “ಬೀಗ್ರೇ, ಉಂಡೆ ಮೇಲಿನ ದ್ರಾಕ್ಷಿನೂ ಕಾಣ್ತದಲ್ಲಾ!” ಎಂದರು. ಆಮೇಲೆ ತಮ್ಮ ಹೆಂಡತಿಯ ಕಡೆ ತಿರುಗಿ ತೊಡೆ ತಟ್ಟಿದರು. “ನೋಡ್ದಾ? ನಮ್ ತಟ್ಟೇಲಿ ಇಪ್ಪತ್ತೊಂದು ಇರ್ಬೇಕಾದ್ದು ಇಪ್ಪತ್ತೇ ಅದೆ ಅಂತ ಅವತ್ತಿಂದ ನನ್ನ ಬಾಯಿಗೆ ಬಂದಂಗೆ ಬಯ್ತಿದ್ದಲ್ಲಾ? ಈಗೇನಂತೀಯ?”

ಆ ತಾಯಿ ತಲೆ ತಗ್ಗಿಸಿ ನಗತೊಡಗಿದರು. ಹುಡುಗಿ ನಕ್ಕಳು, ಹುಡುಗ ನಕ್ಕ. ಹೆಡ್‌ಮಾಸ್ಟರ ಹೆಂಡತಿ ಅಳುತ್ತಿದ್ದ ಸೆರಗಿನಲ್ಲೇ ನಗು ಮುಚ್ಚಿಕೊಂಡರು. “ಅದಕ್ಕೇ ಅವತ್ತು ಎಲೆ ಮುಂದೆ ಕೂತು, ಉಪವಾಸದಿಂದ ಹಸಿವೇ ಸತ್ತುಹೋಗಿದೆ ಅಂದ್ರಾ?” ಎಂದರು. ಕೊನೆಗೆ ಹೆಡ್‌ಮಾಸ್ಟರ ಮೀಸೆಯೂ ಅಲುಗಿತು. ತಾವೇ ಒಳಗೆ ಹೋಗಿ ಒಂದು ಲೋಟ ಕಾಫಿ ತಂದು ಬೀಗರ ಕೈಗಿಟ್ಟರು.

ಊಟವಾದ ಮೇಲೆ ನನ್ನನ್ನು ಗೇಟಿನವರೆಗೆ ಬಿಡಲು ಅವರೇ ಬಂದರು. ಬೈಯುತ್ತಾರೆಂದು ನಾನು ಕಾಲು ಬೇಗ ಬೇಗ ಹಾಕಿದೆ. ಭುಜದ ಮೇಲೆ ಕೈಯಿಟ್ಟು ನಿಲ್ಲಿಸಿದರು.

“ಆಚಾರ್ರೇ, ನನ್ನ ಮಗಳ ಮುಖ ಅಷ್ಟು ಚೆನ್ನಾಗಿ ನಾನೂ ನೋಡಿರಲಿಲ್ಲ. ಬರೋ ವರ್ಷ ಚಿಕ್ಕವಳ ಮದುವೆ. ಅದೂ ನಿಮಗೇ. ಬೇರೆ ಯಾರಿಗೂ ಕೊಡೋಲ್ಲ.”

ನನ್ನ ಕಣ್ಣು ತುಂಬಿ ಬಂತು. “ಆಗ್ಲಿ ಸಾರ್,” ಎಂದೆ.

ಅವರು ಹಿಂದೆ ತಿರುಗಿ ಮನೆಯ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದರು.

“ಆದರೆ ಕರೆಂಟು ಹೋದ ತಕ್ಷಣ ನಿಮ್ಮ ಕ್ಯಾಮೆರಾನ ಬ್ಯಾಗಿಗೆ ಹಾಕಿ, ನಮ್ಮ ಭಾಮೈದನ ಫೋನಲ್ಲಿ ತೆಗೀಬೇಕು.”